ಟೋಪಿಯಡಿಯ ಕಾಳು

ಎಲ್ಲಾ ಶುರುವಾದದ್ದು ಮಾವನ ಹಲ್ಲುನೋವಿನಿಂದ. ಊದಿದ ದವಡೆ ಹಿಡಿದುಕೊಂಡು ಡಾಕ್ಟರ ಬಳಿ ಹೊರಟ ಮಾವ, ಗೋಧಿ ಕೊಯ್ಯುವ ಯಂತ್ರದ ಕೀಯನ್ನು ಅಳಿಯನ ಅಂಗೈಗೆ ಹಾಕಿ, ತಲೆಯ ಮೇಲಿದ್ದ ಟೋಪಿಯನ್ನು ತೆಗೆದು ತೋರಿಸಿದರು.

"ಸಂಜೆ ಬಂದು, ಕೊಯ್ದ ನೆಲದ ಮೇಲೆ ಇದನ್ನ ಇಡ್ತೀನಿ. ಅಡೀಲಿ ಹತ್ತು ಕಾಳಿಗಿಂತ ಜಾಸ್ತಿ ಉದುರಿದ್ರೆ ನಿಮಗೆ ಗೋದಾಮಿನ ಪೊರಕೆಯೇ ಗತಿ. ಕಮ್ಮಿ ಇದ್ರೆ ಸುಗ್ಗಿ ಮುಗಿಯೋವರೆಗೂ ಕೀ ನಿಮ್ದೇ."

ಅಳಿಯ ಹನ್ನೊಂದು ವರ್ಷ ಬಸ್ ಓಡಿಸಿದವನು. ಆ ರೂಟೇ ನಿಂತುಹೋಗಿ, ಮೂರು ತಿಂಗಳಿಂದ ಮಾವನ ಗೋದಾಮು ಗುಡಿಸುತ್ತಿದ್ದ. ಸ್ಟಿಯರಿಂಗ್ ಹಿಡಿಯಲು ಕೈ ತುರಿಸುತ್ತಿತ್ತು, ಪಾಪ.

ಅವನು ಯಂತ್ರ ಹತ್ತಿದ್ದೇ ತಡ, ನಿವೃತ್ತ ಗಣಿತದ ಮೇಷ್ಟ್ರು ಬೇಲಿಯಾಚೆಯಿಂದ ಇಣುಕಿದರು. ಮೇಷ್ಟ್ರು ಒಂದು ದಿನವೂ ಹೊಲ ಗೇದವರಲ್ಲ. ಸಲಹೆ ಕೊಡಲು ಒಂದು ದಿನವೂ ರಜೆ ಹಾಕಿದವರಲ್ಲ.

"ಮುಂದ್ಗಡೆ ಪೈರನ್ನ ಬ್ಲೇಡಿಗೆ ಎಳ್ಕೊಳ್ಳೋ ರೀಲಿದೆಯಲ್ಲ, ಅದು ಎಷ್ಟು ಜೋರಾಗಿ ತಿರುಗಿದ್ರೆ ಅಷ್ಟು ಒಳ್ಳೇದು. ಸರಳ ಲೆಕ್ಕ!"

ಅಳಿಯ ರೀಲನ್ನು ಗರಗರ ತಿರುಗಿಸಿದ. ಚೆನ್ನಾಗಿ ಒಣಗಿದ್ದ ತೆನೆಗಳಿಗೆ ಅದು ಪಟಪಟ ಬಾರಿಸಿತು. ಒಂದು ಸಾಲು ಮುಗಿಸಿ ಇಳಿದು ನೋಡಿದರೆ, ಅಯ್ಯಯ್ಯೋ! ಟೋಪಿ ಹಾಗಿರಲಿ, ಅಂಗೈ ಇಟ್ಟ ಕಡೆಯಲ್ಲೇ ಐವತ್ತು ಕಾಳು.

"ಹಾಗಾದ್ರೆ ಉಲ್ಟಾ ಮಾಡಿ. ರೀಲು ನಿಧಾನ, ಗಾಡಿ ಜೋರು," ಎಂದರು ಮೇಷ್ಟ್ರು, ತಮಗೂ ಆ ಕಾಳಿಗೂ ಸಂಬಂಧವೇ ಇಲ್ಲವೆಂಬಂತೆ.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಪೈರು ಬ್ಲೇಡಿಗೆ ಸಿಗದೆ ಮುಂದಕ್ಕೆ ಬಾಗಿ ನಮಸ್ಕಾರ ಹಾಕತೊಡಗಿತು. ಅಳಿಯ ಬ್ರೇಕ್ ಒತ್ತಿ, ತಲೆ ಮೇಲೆ ಕೈ ಹೊತ್ತು ಕೂತ.

ಆಗ ನೆನಪಾದದ್ದು ಅವನ ಬಸ್ಸಿನ ಕಂಡಕ್ಟರು. ಹೊರಟ ಬಸ್ಸಿಗೆ ಓಡಿಬಂದವರನ್ನು ಆತ ಬಸ್ಸಿನ ವೇಗಕ್ಕಿಂತ ಒಂಚೂರೇ ಚುರುಕಾಗಿ, ಮೆತ್ತಗೆ ಒಳಗೆಳೆದುಕೊಳ್ಳುತ್ತಿದ್ದ. ಜಗ್ಗಿದರೆ ಅಂಗಿಯ ಗುಂಡಿ ಕಿತ್ತುಬರುತ್ತಿತ್ತು. ಎಳೆಯದಿದ್ದರೆ ಆಸಾಮಿ ರಸ್ತೆಗೇ ಬೀಳುತ್ತಿದ್ದ. ಅಷ್ಟೇ ತಾನೆ! ಅಳಿಯ ಗಾಡಿಯನ್ನು ಹದವಾದ ನಡಿಗೆಗೆ ತಂದು, ರೀಲನ್ನು ಅದಕ್ಕಿಂತ ಒಂಚೂರೇ ಚುರುಕಾಗಿ ತಿರುಗಿಸಿದ. ಪೈರು ಸಾಲಾಗಿ ಬಂದು ಬ್ಲೇಡಿಗೆ ಬಿತ್ತು. ಇಡೀ ಹೊಲ ಕೊಯ್ದು ಮುಗಿಸಿದಾಗ ಅವನಿಗೆ ಅಳುವಷ್ಟು ಖುಷಿಯಾಯಿತು.

ಆದರೆ ಆ ಮೊದಲ ಸಾಲು? ಪಕ್ಕದಲ್ಲೇ ಕೋಳಿ ಸಾಕುವ ಕೋಳಿಯಮ್ಮನ ಬಳಿಗೆ ಓಡಿದ.

"ಅಕ್ಕಾ, ಒಂದು ಗಂಟೆ ಕೋಳಿಗಳನ್ನ ಹೊಲಕ್ಕೆ ಬಿಡ್ತೀರಾ?"

"ಬಿಟ್ಟಿ ಊಟ ಅಂದ್ರೆ ಅವು ನನ್ನನ್ನೂ ಕೇಳಲ್ಲ ಕಣಪ್ಪಾ!"

ಮುನ್ನೂರು ಕೋಳಿಗಳು ಆ ಸಾಲನ್ನು ಗುಡಿಸಿ ಸಾರಿಸಿದಂತೆ ಮಾಡಿಟ್ಟವು.

ಸಂಜೆ ಬಂದ ಮಾವ ಹೊಲದ ನಡುವೆ ಟೋಪಿ ಇಟ್ಟರು. ಆರು ಕಾಳು. "ಪರವಾಗಿಲ್ವೇ!" ಎಂದರು. ಅಳಿಯನಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಬಿಡದೆ ಮಾವ ಮೊದಲ ಸಾಲಿನಲ್ಲೂ ಟೋಪಿ ಇಟ್ಟು, ಎತ್ತಿ, ಬಗ್ಗಿ, ಕನ್ನಡಕ ಒರೆಸಿಕೊಂಡು ನೋಡಿದರು. ಒಂದೂ ಇಲ್ಲ.

"ಸೊನ್ನೆ! ನಲವತ್ತು ವರ್ಷದಲ್ಲಿ ನನ್ನ ಕೈಲೂ ಆಗಿಲ್ಲ. ಅಲ್ಲಾ ಅಳಿಯಂದ್ರೇ, ಇಷ್ಟು ಚೆನ್ನಾಗಿ ತಿರುಗ್ತಿದ್ದ ರೀಲನ್ನ ಆಮೇಲೆ ಯಾಕ್ರೀ ಬದಲಾಯಿಸಿದ್ರಿ?"

"ಮೊದಲ ಸಾಲು ನನ್ನ ಲೆಕ್ಕದ್ದು," ಎಂದು ಬೇಲಿಯಾಚೆಯಿಂದ ಮೇಷ್ಟ್ರು ಎದೆಯುಬ್ಬಿಸಿದರು.

ಮಾವ ಕೀಯನ್ನು ಮತ್ತೆ ತಮ್ಮ ಜೇಬಿಗೆ ಹಾಕಿಕೊಂಡರು. "ನಾಳೆ ದೊಡ್ಡ ಹೊಲ. ಮೇಷ್ಟ್ರು ಹೇಳಿದ ಹಾಗೇ ತಿರುಗಿಸಿ. ನಾನು ಪಕ್ಕದಲ್ಲೇ ಕೂತಿರ್ತೀನಿ. ಸೊನ್ನೆ ಬರ್ಲಿ, ಆಮೇಲೆ ಕೀ ಮಾತು."

ಅಳಿಯ ಎದ್ದೆನೋ ಬಿದ್ದೆನೋ ಎಂದು ಕೋಳಿಯಮ್ಮನ ಮನೆಗೆ ಓಡಿದ. ಅಂಗಳದ ತುಂಬ ಕೋಳಿಗಳು ಹೊಟ್ಟೆ ಬಿರಿಯ ತಿಂದು ಮಗ್ಗುಲಾಗಿದ್ದವು.

"ನಾಳೆನಾ? ಇನ್ನೆರಡು ದಿನ ಇವು ಕಾಳಿನ ಕಡೆ ತಿರುಗಿ ನೋಡಿದ್ರೆ ಕೇಳು," ಎಂದಳು ಕೋಳಿಯಮ್ಮ.

ಅಳಿಯ ಗೋದಾಮಿನ ಕಡೆ ನಡೆದ. ಪೊರಕೆ ಇಟ್ಟ ಜಾಗದಲ್ಲೇ ಇತ್ತು.