ಹೆಸರಿಲ್ಲದ ಮೇಲ್

ಅಂದಾನೆಪ್ಪ: ಮೌಸ್ ಕೊಡು ಶೈಲಜಾ. ಹನ್ನೆರಡಕ್ಕ ಐದ ಮಿನಿಟು ಐತಿ.

ಶೈಲಜಾ: ಕೊಡೂದಿಲ್ರಿ. ಕೊಟ್ರ ನೀವು ಒತ್ತತೀರಿ.

ಅಂದಾನೆಪ್ಪ: ಒತ್ತಾಕ ಕುಂತೇನಿ. ಹತ್ತೂವರಿಗೆ ಒತ್ತತಿದ್ದೆ, ರಾಹುಕಾಲ ಮುಗೀಲಿ ಅಂತ ತಡದೇನಿ.

ಯರಗಟ್ಟಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಂದಾನೆಪ್ಪನವರಿಗೆ ಬೆಳಿಗ್ಗೆ ಒಂದು ಇ-ಮೇಲ್ ಬಂದಿತ್ತು. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಇಪ್ಪತ್ನಾಲ್ಕು ತಾಸಿನೊಳಗೆ ಕೆಳಗಿನ ಸುರಕ್ಷಾ ಅಪ್‌ಡೇಟ್ ಒತ್ತಿರಿ’ ಎಂಬುದು ಅದರ ಒಕ್ಕಣೆ. ಆ ಕಂಪ್ಯೂಟರಿನಲ್ಲೇ ಈ ಹಂಗಾಮಿನ ಇಪ್ಪತ್ತು ಮದುವೆಗಳ ಕಾರ್ಡು ಇದ್ದವು. ಕಟಕೋಳದ ಗೊಬ್ಬರದಂಗಡಿ ಭರಮಪ್ಪನವರ ಮಗಳದ್ದು ಸಂಜೆಯೊಳಗೆ ಅಚ್ಚಾಗಬೇಕಿತ್ತು. ಒಂದೊಂದರಲ್ಲೂ ನೂರು ಹೆಸರು. ಅಷ್ಟನ್ನೂ ಟೈಪ್ ಮಾಡಿದವಳು ಹೆಂಡತಿ ಶೈಲಜಾ. ಅದಕ್ಕೇ ಆಕೆ ಮೌಸಿನ ವೈರು ಕಿತ್ತು, ಸೆರಗಿನಲ್ಲಿ ಸುತ್ತಿಟ್ಟುಕೊಂಡು ನಿಂತಿದ್ದಳು.

ಶೈಲಜಾ: ಅದು ಕಳ್ಳ ಮೇಲ್ ರಿ. ಒತ್ತಿದ್ರ ವೈರಸ್ ಹೊಕ್ಕು ಎಲ್ಲಾ ಕಾರ್ಡ್ ನುಂಗತೈತಿ.

ಅಂದಾನೆಪ್ಪ: ಕಳ್ಳ ಬಂದು ‘ಕದಾ ಹಾಕ್ಕೋರಿ’ ಅಂತಾನೇನು? ಇವರು ಸುರಕ್ಷಾ ಅಂತ ಕಾಳಜಿಲೆ ಬರದಾರ.

ಶೈಲಜಾ: ಕಳಿಸಿದವರ ವಿಳಾಸ ನೋಡ್ರಿ. ಮ್ಯಾಲೆ ಕಂಪನಿ ಹೆಸರು, ಒಳಗ ನೋಡಿದ್ರ ಬ್ಯಾರೇ ಏನೋ ಐತಿ.

ಅಂದಾನೆಪ್ಪ: ನಮ್ಮದೂ ಬೋರ್ಡಿನ ಮ್ಯಾಲೆ ನನ್ನ ಹೆಸರು, ಲೈಟ್ ಬಿಲ್ಲಿನ್ಯಾಗ ತೀರಿಕೊಂಡ ನಮ್ಮಜ್ಜನ ಹೆಸರು. ಹಂಗಂತ ನಾ ಕಳ್ಳೇನು?

ಶೈಲಜಾ: ಖರೇ ಅಪ್‌ಡೇಟ್ ಹಿಂಗ ಮೇಲಿನ್ಯಾಗ ಬರೂದಿಲ್ರಿ. ಕಂಪ್ಯೂಟರಿನ ಸೆಟ್ಟಿಂಗಿನ್ಯಾಗ ತಾನ ಬರತೈತಿ.

ಅಂದಾನೆಪ್ಪ: ಮನಿ ತನಕಾ ತಂದು ಕೊಟ್ರ ಬ್ಯಾಡ ಅನ್ನೂದೇನು?

ಶೈಲಜಾ: ಇರ್ಲಿ. ಮೊದಲನೇ ಸಾಲು ಓದ್ರಿ. ಯಾರಿಗೆ ಬರದಾರ?

ಅಂದಾನೆಪ್ಪ: ‘ಮಾನ್ಯ ಬಳಕೆದಾರರೇ.’

ಶೈಲಜಾ: ಅದರಾಗ ನಿಮ್ಮ ಹೆಸರು ಎಲ್ಲೈತಿ?

ಅಂದಾನೆಪ್ಪನವರು ಮೂಗಿನ ಮೇಲೆ ಚಾಳೀಸು ಕನ್ನಡಕ ಏರಿಸಿ ಮೇಲಿಂದ ಕೆಳಗಿನವರೆಗೆ ಹುಡುಕಿದರು. ಎಲ್ಲಿಯೂ ಇರಲಿಲ್ಲ.

ಶೈಲಜಾ: ನನ್ನ ತಮ್ಮನ ಲಗ್ನದ ಕಾರ್ಡಿನ್ಯಾಗ ನಿಮ್ಮ ಹೆಸರು ಬಿಟ್ಟಿತ್ತಂತ ಮೂರು ವರ್ಷ ಆತು, ನನ್ನ ತವರು ಮುನವಳ್ಳಿಗೆ ಕಾಲಿಟ್ಟಿಲ್ಲ ನೀವು. ಆ ಕಾರ್ಡ್ ಛಾಪಿಸಿದವರೂ ನೀವ.

ಅಂದಾನೆಪ್ಪ: ಛಾಪಿಸಾವ ನಾ ಅಂತ ನನ್ನ ಹೆಸರು ನಾನ ಸೇರಿಸ್ಕೋಬೇಕಾಗಿತ್ತೇನು? ಮರ್ಯಾದಿ ಐತಿ ನನಗ.

ಶೈಲಜಾ: ಬೀಗರು ಹೆಸರು ಹಾಕಲಿಲ್ಲಂದ್ರ ಊಟಕ್ಕ ಹೋಗೂದಿಲ್ಲ. ಯಾರೋ ಗುರುತಿಲ್ಲದವರು ಹೆಸರಿಲ್ಲದ ಕರದ್ರ ಓಡತೀರಿ.

ಮಾತು ನಾಟಿತು. ಇಡೀ ಜೀವನವನ್ನೇ ಹೆಸರು ಹಾಕುವುದರಲ್ಲಿ ಕಳೆದ ಮನುಷ್ಯ, ಇದರಲ್ಲಿ ತನ್ನ ಹೆಸರೇ ಇಲ್ಲದ್ದನ್ನು ನೋಡಿರಲಿಲ್ಲ. ಅಂದಾನೆಪ್ಪನವರು ಕುರ್ಚಿಯಲ್ಲಿ ಕುಸಿದು, ಸ್ವಲ್ಪ ಹೊತ್ತು ಹಣೆ ತಿಕ್ಕಿಕೊಂಡರು.

ಅಂದಾನೆಪ್ಪ: ಇದರಾಗ ಏನೋ ಕೊರತಿ ಐತಿ ಅಂತ ನನಗೂ ಅನಿಸಿತ್ತು. ಅದಕ್ಕ ನಾ ಎಲ್ಲಾರ ಹೆಸರೂ ಹಾಕೇನಿ.

ಶೈಲಜಾ: ಯಾರ ಹೆಸರು? ಎಲ್ಲಿ ಹಾಕೀರಿ?

ಅಂದಾನೆಪ್ಪ: ರಾಹುಕಾಲದಾಗ ಸುಮ್ಮ ಕುಂದ್ರೂದೇನಂತ, ಆ ಮೇಲ್ ನಮ್ಮ ಹದಿನೇಳು ಗಿರಾಕಿಗೆ ಕಳಿಸೇನಿ. ಬರೇ ‘ಬಳಕೆದಾರರೇ’ ಅಂದ್ರ ಸಿಟ್ಟಾಗತಾರಂತ, ಶ್ರೀಮಾನ್ ಹಚ್ಚಿ ಸಾಲಾಗಿ ಎಲ್ಲಾರ ಹೆಸರು. ಕೆಳಗ ‘ತಪ್ಪದೇ ಒತ್ತಿ ಹರಸಬೇಕು’ ಅಂತ ಬರದು, ನನ್ನ ಹೆಸರು.

ಶೈಲಜಾ: ಆಗ ರಾಹುಕಾಲ ಇರಲಿಲ್ಲೇನು?

ಅಂದಾನೆಪ್ಪ: ಪರೋಪಕಾರಕ್ಕ ರಾಹುಕಾಲ ಹತ್ತೂದಿಲ್ಲ ಅನ್ಕೊಂಡೆ.

ಶೈಲಜಾ: ಮೂವತ್ತು ವರ್ಷದ ಪ್ರೆಸ್ಸಿನ ಹೆಸರು ಹೋತಲ್ರಿ. ಕಳ್ಳ ಮೇಲಿಗೆ ನೀವ ಜಾಮೀನು ನಿಂತೀರಿ. ಇನ್ನ ನಮ್ಮ ಕಡೆ ಯಾರು ಕಾರ್ಡ್ ಮಾಡಸ್ತಾರ?

ಆಕೆಗೆ ಅಳುವೇ ಬಂತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಟಕೋಳದ ಭರಮಪ್ಪ. ಅಂದಾನೆಪ್ಪನವರು ಸ್ಪೀಕರ್ ಹಾಕಿದರು.

ಭರಮಪ್ಪ: ನಿಮ್ಮ ಮೇಲ್ ಮುಟ್ಟಿತ್ರಿ.

ಅಂದಾನೆಪ್ಪ: ಒತ್ತಿದ್ರೇನ್ರಿ?

ಭರಮಪ್ಪ: ಹೆಂಗ ಒತ್ತಲಿ? ಮ್ಯಾಲೆ ಶಟ್ಟೆಪ್ಪನ ಹೆಸರು, ಅವನ ಕೆಳಗ ನಂದು. ನನ್ನ ತಮ್ಮ ಅಂವ. ಅಣ್ಣನ್ನ ಕೆಳಗ ಕುಂದ್ರಿಸಿದ ಮೇಲ್ ನಾ ಮುಟ್ಟೂದಿಲ್ಲ.

ಶೈಲಜಾ: ಕಾಕಾ, ಶಟ್ಟೆಪ್ಪನವರು ಒತ್ತಿದ್ರೇನ್ರಿ?

ಭರಮಪ್ಪ: ಅಣ್ಣ ಬಿಟ್ಟದ್ದನ್ನ ತಮ್ಮ ಹೆಂಗ ಒತ್ತತಾನವಾ? ಉಳಿದ ಹದಿನೈದು ಮಂದೀನೂ ಹಿರಿಯಾ ಅಂತ ನನಗ ಫೋನ್ ಮಾಡಿದ್ರು. ತಂತಮ್ಮ ಹೆಸರು ಕೆಳಗಾತಂತ ಒಬ್ಬರೂ ಒತ್ತಿಲ್ಲ.

ಶೈಲಜಾ ಗೋಡೆಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟಳು.

ಭರಮಪ್ಪ: ನನ್ನ ಹೆಸರು ಮ್ಯಾಲೆ ಹಾಕಿ ಇನ್ನೊಮ್ಮೆ ಕಳಿಸ್ರಿ. ಒತ್ತತೇನಿ.

ಅಂದಾನೆಪ್ಪ: ಈಗ ಕಳಿಸತೇನ್ರಿ. ಶೈಲಜಾ, ಮೌಸ್ ಕೊಡು.

ಶೈಲಜಾ (ಫೋನ್ ಕಸಿದುಕೊಂಡು): ಬ್ಯಾಡ್ರಿ ಕಾಕಾ. ಅದು ಕಳ್ಳ ಮೇಲ್, ಇವರು ತಿಳೀದ ಕಳಿಸ್ಯಾರ. ಒತ್ತಿದವರ ಕಂಪ್ಯೂಟರ್ ಹಾಳಾಗತೈತಿ.



ಭರಮಪ್ಪ: ಹಿಂಗೇನು? ಹಂಗಾರ ತಮ್ಮನ ಹೆಸರ ಮ್ಯಾಲಿರಲಿ ಬಿಡವಾ.