ಕನ್ನಡಕದವನ ಲ್ಯಾಪ್‌ಟಾಪು

ತೊಂದರೆ ಶುರುವಾದದ್ದು ಫ್ಯಾನಿನಿಂದ. ಮನೆಯ ಸೂರಿನಲ್ಲಿ ತಿರುಗುವ ಫ್ಯಾನಲ್ಲ. ಹೊಸ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಕೂತಿದ್ದ ಪುಟ್ಟ ಫ್ಯಾನು. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲಿಟ್ಟು ಆಟ ಹಾಕಿದ್ದೇ ತಡ, ಅದು ಮೊದಲು ನಿಟ್ಟುಸಿರು ಬಿಟ್ಟಿತು, ಆಮೇಲೆ ಬುಸುಗುಟ್ಟಿತು, ಕೊನೆಗೆ ಮೇಜು ಸಮೇತ ಮೇಲೇಳುವ ವಿಮಾನದ ಹಾಗೆ ಮೊರೆಯತೊಡಗಿತು.

ಅಡುಗೆಮನೆಯಿಂದ ಅತ್ತೆ ಓಡಿಬಂದರು. "ಅಳಿಯಂದ್ರೇ, ಮಿಕ್ಸಿ ನಾನು ಹಾಕಿಲ್ಲ!"

ಮಲಗುವ ಕೋಣೆಯ ಬಾಗಿಲು ಸರಿಸಿ ಹೆಂಡತಿ ತಲೆ ಹೊರಗೆ ಹಾಕಿದಳು. ಮೂರು ತಿಂಗಳ ಮಗಳು ಆಗಷ್ಟೇ ಕಣ್ಣು ಮುಚ್ಚಿದ್ದಳು. ಅವಳು ಹುಟ್ಟಿದ ಮೇಲೆ ಆ ಮನೆಯಲ್ಲಿ ಎಲ್ಲರೂ ಬೆಕ್ಕಿನಂತೆ ನಡೆಯುವುದನ್ನು ಕಲಿತಿದ್ದರು.

"ರೀ, ಪುಟ್ಟಿ ಎದ್ರೆ ಇದು ಇವತ್ತೇ ವಾಪಸ್."

ವಾಪಸು ಮಾಡಲು ಅವಕಾಶವೂ ಇತ್ತು. "ಒಂದು ದಿನ ಇಟ್ಕೊಂಡು ನೋಡಿ ಸಾರ್, ಭಾನುವಾರ ಅಂಗಡಿ ಮುಚ್ಚೋದ್ರೊಳಗೆ ತನ್ನಿ" ಎಂದಿದ್ದ ಅಂಗಡಿಯವ. ಅಷ್ಟು ಧಾರಾಳ ಕಂಡಾಗಲೇ ಅನುಮಾನ ಬರಬೇಕಿತ್ತು.

ಅಳಿಯನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಕಣ್ಣಿಗೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುವುದು, ಉತ್ತರ ಹೇಳುವ ಕಷ್ಟ ಗಿರಾಕಿಗಳದು. ಲ್ಯಾಪ್‌ಟಾಪು ಕೊಳ್ಳಲು ಹೋಗಿ ತಾನೇ ಹೇಳಬೇಕಾಗಿ ಬಂದಾಗ ತಿಂಗಳು ಹಿಡಿಯಿತು. ಒಂದು ಲ್ಯಾಪ್‌ಟಾಪು ತೆಳ್ಳಗಿತ್ತು, ಸದ್ದಿಲ್ಲ, ಪರದೆ ತಿಳಿನೀರು. ಆದರೆ ಆಟ ಹಾಕಿದರೆ ಸೈನಿಕರು ಮೊಣಕಾಲುದ್ದ ಕೆಸರಿನಲ್ಲಿ ಓಡುತ್ತಿದ್ದರು. ಇನ್ನೊಂದರಲ್ಲಿ ಜಿಂಕೆಗಳಂತೆ ಓಡುತ್ತಿದ್ದರು. ಆದರೆ ಅದರ ಚಾರ್ಜರು ಇಟ್ಟಿಗೆ ಗಾತ್ರ, ವಯರು ಕಿತ್ತರೆ ಒಂದು ಸ್ನಾನ ಮುಗಿಯುವುದರೊಳಗೆ ಬ್ಯಾಟರಿ ಖಾಲಿ, ಬಣ್ಣಗಳೋ ಒಗೆದೊಗೆದು ಸವೆದ ಅಂಗಿಯವು. ಎರಡರ ಗುಣವೂ ಕೂಡಿದ ಮೂರನೆಯದೊಂದು ಗಾಜಿನ ಕಪಾಟಿನಲ್ಲಿತ್ತು. ಅದರ ಬೆಲೆ ನೋಡಿ ಅವನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಬೆಲೆ ಹಾಗೇ ಇತ್ತು. ಜಿಂಕೆಯನ್ನೇ ಮನೆಗೆ ತಂದ.

ಇಷ್ಟೆಲ್ಲ ನಾಲ್ವರು ಗೆಳೆಯರಿಗಾಗಿ. ನಾಲ್ವರೂ ದಿಕ್ಕಿಗೊಬ್ಬರಾಗಿದ್ದರೂ ಭಾನುವಾರ ಸಂಜೆ ಆರಕ್ಕೆ ಆಟದಲ್ಲಿ ಕೂಡುತ್ತಿದ್ದರು. ಹಳೆಯ ಯಂತ್ರ ಸತ್ತಂದಿನಿಂದ ತಂಡದಲ್ಲಿ ಇವನ ಜಾಗ ಖಾಲಿ. "ಈ ಭಾನುವಾರ ಬಂದ್ಯೋ ಸರಿ. ಇಲ್ಲಾಂದ್ರೆ ಬೇರೆಯವನನ್ನ ಹಾಕ್ಕೋತೀವಿ ಕಣೋ" ಎಂದಿದ್ದ ಕ್ಯಾಪ್ಟನ್. ಇಡೀ ವಾರದಲ್ಲಿ ಇವನನ್ನು ಪ್ರೀತಿಯಿಂದ ಬೈಯುವವರು ಅವರು ನಾಲ್ವರೇ. ಆ ಬೈಗುಳವಿಲ್ಲದೆ ಭಾನುವಾರ ಸಪ್ಪೆಯಾಗಿತ್ತು.

ಸದ್ದಡಗಿಸಲು ಅವನು ಎಕ್ಸ್‌ಟೆನ್ಶನ್ ವಯರು ಎಳೆದುಕೊಂಡು ಸ್ನಾನದ ಮನೆ ಸೇರಿ ಬಾಗಿಲು ಹಾಕಿಕೊಂಡ. ಗೋಡೆಯ ಟೈಲ್ಸು ಒಂದು ವಿಮಾನವನ್ನು ನಾಲ್ಕು ಮಾಡಿದವು. ಕೆಳಮನೆಯ ಡ್ರೈವಿಂಗ್ ಮಾಸ್ತರು, ನೀರಿಲ್ಲದೆ ಪಂಪು ಓಡುತ್ತಿದೆಯೆಂದು ಮೆಟ್ಟಿಲು ಹತ್ತಿ ಬಂದರು. ವಿಷಯ ತಿಳಿದು, ಬಾನೆಟ್ಟಿಗೆ ಕಿವಿಗೊಡುವಂತೆ ಲ್ಯಾಪ್‌ಟಾಪಿಗೆ ಕಿವಿ ಕೊಟ್ಟರು.

"ಪಿಕಪ್ ಇದೆ ಸ್ವಾಮಿ. ಮೈಲೇಜ್ ಇಲ್ಲ. ಸೈಲೆನ್ಸರ್ ಹಾಕೋದೇ ಮರ್ತಿದಾರೆ. ಕೆಳಗೆ ಗಾಳಿ ಆಡ್ಲಿ, ಏನಾದ್ರೂ ಕೊಟ್ಟು ಎತ್ತರಿಸಿ."

ಅವನು ಎರಡು ಕನ್ನಡಕದ ಡಬ್ಬಿ ತಂದು ಅಡಿಗಿಟ್ಟ. ಮೊರೆತ ನಿಜಕ್ಕೂ ಒಂದು ಗುಟುಕು ಇಳಿಯಿತು.

"ಇಳೀತು! ನಾನ್ ಹೇಳ್ಲಿಲ್ವಾ!" ಎಂದು ಮಾಸ್ತರು ಚಪ್ಪಾಳೆ ತಟ್ಟಿದರು. ರಸ್ತೆಯ ಆಚೆ ತುದಿಯಲ್ಲಿ ಕಾರು ಕಲಿಯುವವನಿಗೆ ಬ್ರೇಕು ಹಾಕಿಸುವ ಗಂಟಲು ಅವರದು. ಪುಟ್ಟಿ ಎದ್ದಳು.

ಎದ್ದವಳು ಮಧ್ಯಾಹ್ನವಿಡೀ ಅತ್ತಳು. ಅತ್ತೆಯ ಜೋಗುಳ ಗೊಗ್ಗರಾಯಿತು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಸವೆದು ಸಣ್ಣಗಾದಳು. ಮಾಸ್ತರು ಯಾವಾಗಲೋ ಜಾರಿಕೊಂಡಿದ್ದರು; ತಪ್ಪೆಲ್ಲ ಲ್ಯಾಪ್‌ಟಾಪಿನ ತಲೆಗೆ ಬಂತು. ಅವನು ಅದನ್ನು ಪೆಟ್ಟಿಗೆಗೆ ಸೇರಿಸಿದ.

ಇನ್ನೇನು ಆರಾಗಬೇಕು, ಅವನು ಹೆಂಡತಿಯ ಹಿಂದೆ ಬಂದು ನಿಂತ. "ಒಂದೇ ಒಂದು ಆಟ. ತಂಡ ಬಿಡ್ತೀನಿ ಅಂತ ಹೇಳೋಕಾದ್ರೂ ಹೋಗ್ಬೇಕಲ್ಲ. ಆಮೇಲೆ ನೆಟ್ಟಗೆ ಅಂಗಡಿಗೆ."

"ಆಡ್ಕೊಳ್ಳಿ," ಎಂದಳು ಅವಳು. "ಎದ್ದಿರೋಳನ್ನ ಇನ್ನೇನು ಎಬ್ಬಿಸ್ತೀರಿ?"

ಸ್ನಾನದ ಮನೆಯ ಒದ್ದೆ ತಗುಲಿ ಎಕ್ಸ್‌ಟೆನ್ಶನ್ ಕೈಕೊಟ್ಟಿತ್ತು. ಇಟ್ಟಿಗೆ ಚಾರ್ಜರಿಗೆ ಒಗ್ಗುವ ಪ್ಲಗ್ಗು ತೊಟ್ಟಿಲ ಪಕ್ಕದ್ದೊಂದೇ. ಅಲ್ಲೇ ಕೂತು ಹೆಡ್‌ಫೋನ್ ಹಾಕಿ ಆಟಕ್ಕಿಳಿದ. "ಬಂದ್ನಪ್ಪ ಮಹಾರಾಯ!" ಎಂದು ನಾಲ್ವರೂ ಕಿವಿಯೊಳಗೆ ಕೂಗಿದರು. ಅವನ ಕಣ್ಣು ಒದ್ದೆಯಾಯಿತು. ಫ್ಯಾನು ಮೊರೆಯಿತು. ಸೈನಿಕ ಜಿಂಕೆಯಂತೆ ಬಯಲಿಗೆ ಜಿಗಿದ.

ಭುಜದ ಮೇಲೆ ಕೈ ಬಿತ್ತು. ಅತ್ತೆ. ತುಟಿಯ ಮೇಲೆ ಬೆರಳಿಟ್ಟುಕೊಂಡು ತೊಟ್ಟಿಲ ಕಡೆ ಕಣ್ಣು ತೋರಿಸಿದರು.

ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಹೆಂಡತಿ ತೊಟ್ಟಿಲು ತೂಗುತ್ತ ಕೂತಲ್ಲೇ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು.

ಅವನು ಒಂದು ಕೀಲಿ ಒತ್ತಿದ. ಟಕ್. ಮಗು ಮುಖ ಸೊಟ್ಟಗೆ ಮಾಡಿತು.

ಅತ್ತೆ ಅವನ ಕೈ ಹಿಡಿದುಕೊಂಡರು. "ಫ್ಯಾನಿನ ಸದ್ದು ಇರ್ಲಿ ಅಳಿಯಂದ್ರೇ. ಟಕಟಕ ಬೇಡ."

"ಆಟ ನಿಲ್ಲಿಸಿದ್ರೆ ಸದ್ದೂ ನಿಲ್ಲುತ್ತೆ ಅತ್ತೆ," ಎಂದು ಪಿಸುಗುಟ್ಟಿದ.

"ನಿಲ್ಲಿಸೋಕೆ ಯಾರು ಹೇಳಿದ್ರು? ಹಾಕಿಡಿ. ಮುಟ್ಬೇಡಿ."

ಅವನು ಕೈಕಟ್ಟಿ ಕೂತ. ಪರದೆಯಲ್ಲಿ ಸೈನಿಕ ನಟ್ಟನಡು ಬಯಲಲ್ಲಿ ಬಸ್ಸಿಗೆ ಕಾಯುವವನಂತೆ ನಿಂತಿದ್ದ. "ಓಡೋ! ಏ ಕತ್ತೆ, ಓಡೋ!" ಕಿವಿಯಲ್ಲಿ ನಾಲ್ವರೂ ಅರಚಿದರು. ವೈರಿಗಳು ಒಬ್ಬೊಬ್ಬರಾಗಿ ಪೊದೆಯಿಂದ ಹೊರಬಂದು ಇವನಿಗೆ ಗುಂಡು ಹೊಡೆದರು. ಸತ್ತು ಮತ್ತೆ ಎದ್ದ, ಮತ್ತೆ ಹೊಡೆದರು. ಜಾಗ ಹೋಯಿತು ಎಂದುಕೊಂಡ.

ಆಟ ಮುಗಿದಾಗ ಕಿವಿಯಲ್ಲಿ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ.

"ಗೆದ್ವಿ ಕಣೋ! ನಿನ್ನ ಹೊಡೆಯೋಕೆ ಬಂದೋರನ್ನೆಲ್ಲ ನಾವು ಹಿಂದಿಂದ ಉರುಳಿಸಿದ್ವಿ. ಇಷ್ಟು ವರ್ಷ ನೀನು ಆಡ್ತಾ ಇದ್ದದ್ದೇ ತಪ್ಪಾಗಿತ್ತು ನೋಡು. ನಿನ್ನ ಜಾಗ ಖಾಯಂ. ವಾರವಾರ ಬಾ, ಹೀಗೇ ನಿಂತ್ಕೋ. ಏನನ್ನೂ ಮುಟ್ಬೇಡ."

ಫ್ಯಾನು ನಿಧಾನವಾಗಿ ಇಳಿಯತೊಡಗಿತು. ತೊಟ್ಟಿಲಲ್ಲಿ ಪುಟ್ಟಿ ಮಿಸುಕಿದಳು. ಅತ್ತೆ ಅವನ ಬೆನ್ನಿಗೆ ತಿವಿದರು.

"ಇನ್ನೊಂದು ಹಾಕಿ, ಬೇಗ!"

ಅವನು ಕಿರುಬೆರಳಿನಿಂದ, ಸದ್ದಾಗದಂತೆ, ಇನ್ನೊಂದು ಹಾಕಿದ.