ಹಲ್ಲಿನ ಪಾಪವನ್ನು ಲಿವರಿಗೆ ಹೊರಿಸಿದ ಸಿಆರ್‌ಪಿಯವರಿಗೆ

ಮಾನ್ಯ ಸಿಆರ್‌ಪಿಯವರೇ,

ದೇಹದ ಯಾವ ಮೂಲೆಯಲ್ಲಿ ಉರಿಯೂತ ಹೊಗೆಯಾಡಿದರೂ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಪೂರ್ಣನಾಮದಿಂದ ರಕ್ತದಲ್ಲಿ ತಲೆ ಎತ್ತಿ ನಿಂತು ಲೋಕಕ್ಕೆ ಸಾರುವ ತಮ್ಮ ಕರ್ತವ್ಯನಿಷ್ಠೆಗೆ ಈ ಸೋಫಾ ರಿಪೇರಿಯವನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಏಳಿಗೆಯನ್ನು ಹಾರೈಸೋಣವೆಂದಿದ್ದೆ. ಆದರೆ ತಾವು ಏರಿದಷ್ಟೂ ನನ್ನ ಕ್ಷೇಮ ಇಳಿಯುತ್ತದೆಂದು ಡಾಕ್ಟರು ಹೇಳಿರುವುದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಕುಡಿಯುತ್ತಿದ್ದ ಕಾಲದಲ್ಲಿ ನಾನು ಬಾಟಲಿಗಳನ್ನು ಗಿರಾಕಿಗಳ ಸೋಫಾದ ಸ್ಪಂಜಿನೊಳಗೆ ಹುದುಗಿಸಿಟ್ಟು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಕುಡಿದವನು. ಹೆಂಡತಿಗೆ ಗೊತ್ತಾಗಲಿಲ್ಲ, ಎಲ್ಲರ ಬಾಯಿ ಮೂಸುವ ಅತ್ತಿಗೆಗೂ ಗೊತ್ತಾಗಲಿಲ್ಲ. ಕಡೆಗೆ ಲಿವರ್ ಊದಿಕೊಂಡಾಗ, ರಿಪೋರ್ಟಿನಲ್ಲಿ ಎದ್ದು ನಿಂತು ನನ್ನ ಮಾನ ಹರಾಜು ಹಾಕಿದವರಲ್ಲಿ ತಾವೂ ಒಬ್ಬರು. ತಾವು ಹುಟ್ಟುವುದೇ ಲಿವರಿನಲ್ಲಂತೆ. ತವರುಮನೆಯ ಗುಟ್ಟನ್ನು ಹೀಗೆ ಬೀದಿಗೆ ತರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಗ ತಪ್ಪು ನನ್ನದೇ ಆದ್ದರಿಂದ ತೆಪ್ಪಗೆ ಕುಡಿತ ಬಿಟ್ಟೆ, ತಾವೂ ಇಳಿದಿರಿ, ಮನೆಯಲ್ಲಿ ಮತ್ತೆ ನಗು ಕೇಳಿಸಿತು.

ಹೀಗಿರುವಾಗ ಕಳೆದ ತಿಂಗಳು ತಾವು ಏಕಾಏಕಿ ಏಣಿ ಹತ್ತಿದ್ದೇಕೆ? ನಾನು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ರಿಪೋರ್ಟು ನೋಡಿ ನಾನು ಮತ್ತೆ ಕುಡಿದೆನೆಂದೇ ತಿಳಿದ ಹೆಂಡತಿ ದಿಂಬು, ಹೊದಿಕೆಗಳನ್ನು ಚೀಲಕ್ಕೆ ತುಂಬಿ, “ಅಂಗಡೀಲೇ ಮಲಗಿ, ಆ ಸೋಫಾಗಳಿಗಾದ್ರೂ ನಿಮ್ಮ ಮೇಲೆ ನಂಬಿಕೆ ಇರಬಹುದು” ಎಂದಳು. ಸ್ಪ್ರಿಂಗು ಎದ್ದ ಸೋಫಾದ ಸುಖ ಮಲಗಿದವನಿಗೇ ಗೊತ್ತು. ಅದಕ್ಕಿಂತ ಚುಚ್ಚಿದ್ದು, ನಾನು ನಿಜ ಹೇಳುತ್ತಿರುವಾಗಲೂ ಅವಳು ಹಿಂದೆ ಸುಳ್ಳು ಕೇಳಿಸಿಕೊಳ್ಳುತ್ತಿದ್ದ ಮುಖದಲ್ಲೇ ಕೇಳಿಸಿಕೊಂಡದ್ದು.

ಡಾಕ್ಟರು ಮತ್ತೆ ಕರೆಸಿ, ಲಿವರಿನ ಉಳಿದ ಅಂಕಿಗಳೆಲ್ಲ ಸುಮ್ಮನಿರುವುದನ್ನು ಕಂಡು, ನನ್ನ ದವಡೆಯನ್ನೊಮ್ಮೆ ಒತ್ತಿದರು. ನಾನು ಕುರ್ಚಿಯಿಂದ ಹಾರಿಬಿದ್ದೆ. ಹಲ್ಲಿನ ಬುಡದಲ್ಲಿ ಕೀವು. ಇಕ್ಕಳಕ್ಕೆ ಹೆದರಿ ಆ ನೋವನ್ನು ನಾನು ಬಾಟಲಿಯಷ್ಟೇ ನಾಜೂಕಾಗಿ ಬಚ್ಚಿಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ತಮ್ಮಂಥ ದೊಡ್ಡವರಿಗೆ ಶೋಭೆಯೇ? ಆದ್ದರಿಂದ ಇನ್ನು ಮುಂದೆ ಏರುವ ಮೊದಲು ಹಲ್ಲಿಗೋ, ಕೆಮ್ಮಿಗೋ, ಕುಡಿತಕ್ಕೋ ಎಂಬುದನ್ನು ರಿಪೋರ್ಟಿನ ಅಂಚಿನಲ್ಲಿ ಬರೆದು ಸಹಿ ಹಾಕಬೇಕೆಂದೂ, ಸಾಧ್ಯವಾದರೆ ಖುದ್ದಾಗಿ ಬಂದು ನನ್ನ ಹೆಂಡತಿಯ ಕ್ಷಮೆ ಕೇಳಬೇಕೆಂದೂ ವಿನಂತಿಸುತ್ತೇನೆ.

ಹಲ್ಲು ಕೀಳಿಸಿದ ಮೇಲೆ ತಾವು ಇಳಿದಿರಿ. ಹೊಸ ರಿಪೋರ್ಟು ಹಿಡಿದು ಅಂಗಡಿಗೆ ಬಂದ ಹೆಂಡತಿ ಅದನ್ನು ಮೇಜಿನ ಮೇಲಿಟ್ಟು, ಡಾಕ್ಟರು ಹೊಟ್ಟೆ ಒತ್ತಿ ನೋಡಿದಂತೆ ಅಲ್ಲಿದ್ದ ಒಂದೊಂದೇ ಕುಶನ್ ಒತ್ತಿ ನೋಡಿದಳು. ಸ್ಪಂಜು ಬಿಟ್ಟು ಬೇರೇನೂ ಸಿಗಲಿಲ್ಲ. ಕಡೆಯದರ ಮೇಲೆ ಸ್ವಲ್ಪ ಹೊತ್ತು ಕೂತು, “ದಿಂಬು ತಗೊಳ್ಳಿ, ಮನೆಗೆ ಹೋಗೋಣ” ಎಂದಳು. ನನಗೆ ಅಳು ಬಂತು; ಹಲ್ಲು ಕಿತ್ತ ಜಾಗ ನೋಯುತ್ತಿದೆ ಎಂದೆ.

ತಮಗೆ ನನ್ನಲ್ಲಿ ವಿಶ್ವಾಸ ಇಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಒಂದು ಹಲ್ಲು ಕಡಿಮೆಯಾದ ಸೋಫಾ ರಿಪೇರಿಯವನು

ತಾ.ಕ.: ಲಿವರ್ ಪೂರ್ತಿ ಕೈಕೊಟ್ಟರೆ ತಮ್ಮ ದನಿಯೂ ಉಡುಗಬಹುದಂತೆ, ಆದ್ದರಿಂದ ತಮ್ಮ ಚಾಡಿ ಬಹುಕಾಲ ನಡೆಯಲಿ. ಅಂದಿನ ಅಳು ಹಲ್ಲಿನದೆಂದರೆ ನಂಬದೆ, ಸುಳ್ಳು ಹಿಡಿಯಲೂ ಒಂದು ರಕ್ತಪರೀಕ್ಷೆ ಇದೆಯೇ ಎಂದು ನನ್ನ ಹೆಂಡತಿ ಕೇಳುತ್ತಿದ್ದಾಳೆ. ಇದ್ದರೆ, ಜೀವಮಾನದಲ್ಲಿ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿರಿ.